ಗರಗಸ ಓದಿದ ಮೇಲೆ ಅ ಆ ಇ ಈ

"ಮಿಸ್, ಮಗಳು ಸ್ಕೂಲಿಗೆ ಸೇರಿ ತಿಂಗಳಾಯ್ತು. ಇನ್ನೂ ಅ ಆ ಇ ಈ ಹೇಳೋಕೆ ಬರಲ್ವಲ್ಲಾ?"

ಪ್ರತಿ ವರ್ಷ ಜುಲೈನಲ್ಲಿ ಯಾವುದಾದರೂ ಮಗುವಿನ ಅಪ್ಪನೋ ಅಜ್ಜಿಯೋ ತರಗತಿ ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. ನಾವೆಲ್ಲ ಕಲಿತದ್ದೇ ಹಾಗಲ್ವಾ? ಸ್ಲೇಟಿನ ಮೇಲೆ ಅ ಇಂದ ಳ ತನಕ ತಿದ್ದಿ ತಿದ್ದಿ, ಆಮೇಲೆ ಕಾಗುಣಿತ, ಅದೆಲ್ಲ ಮುಗಿದ ಮೇಲೆ ಎಂದೋ ಒಂದು ದಿನ ಪದ.

ನಾನು ನಲಿ-ಕಲಿ ಟೀಚರ್. ಕಾರ್ಡು, ಚಟುವಟಿಕೆಗಳ ಮೂಲಕ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳಿಗೆ ಕಲಿಸುವ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಇಲ್ಲಿ ಅಕ್ಷರ ಶುರುವಾಗುವುದು ರ ಗ ಸ ದ ಅ ಎಂದು. ವರ್ಣಮಾಲೆಯ ಕ್ರಮ ಉಚ್ಚಾರಣೆಯ ಲೆಕ್ಕದಲ್ಲಿ ಬಹಳ ಚಂದದ ಜೋಡಣೆ, ಗಂಟಲಿನ ಕ ಇಂದ ತುಟಿಯ ಪ ತನಕ. ಆದರೆ ಆರು ವರ್ಷದ ಮಗುವಿಗೆ ಋ, ಙ, ಞ ಕಲಿತು ಮೊದಲ ತಿಂಗಳಲ್ಲಿ ಏನು ಓದಲು ಸಾಧ್ಯ? ರ, ಗ, ಸ ಬಂದರೆ ಸರ ಓದಬಹುದು, ಗರಗಸ ಓದಬಹುದು. ಅದಕ್ಕೆ ದ, ಅ ಸೇರಿದರೆ ದರ, ಅರಸ, ಅಗಸ. ಒಂದೂ ಗುಣಿತಾಕ್ಷರ ಬೇಡ. ಈ ಅಕ್ಷರಗಳನ್ನು ಬರೆಯುವಾಗ ಕೈ ತಿರುಗುವ ರೀತಿಯೂ ಹತ್ತಿರ ಹತ್ತಿರ ಇದೆ. ಮಗು ಮೊದಲ ಸಲ ತಾನೇ ಕೂಡಿಸಿಕೊಂಡು "ಗ...ರ...ಗ...ಸ, ಗರಗಸ!" ಎಂದಾಗ ಅದರ ಮುಖ ನೋಡಬೇಕು. ಅ ಆ ಇ ಈ ಸಾಲಾಗಿ ಹೇಳುವುದು ಆಮೇಲೆ ತಾನಾಗಿ ಬರುತ್ತದೆ, ನಾನು ಪೋಷಕರಿಗೆ ಹೇಳುವುದೂ ಇದನ್ನೇ.

ಈ ಪದ್ಧತಿಯ ಬಗ್ಗೆ ನನಗೆ ಜಾಸ್ತಿ ಇಷ್ಟವಾಗುವುದು ಅದು ಹುಟ್ಟಿದ ರೀತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು.

ಆದರೆ ಕಾರ್ಡು, ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಏಣಿ, ಗುಂಪುಗಳನ್ನು ಸೂಚಿಸುವ ತಟ್ಟೆ ಎಲ್ಲ ಇದ್ದ ಮಾತ್ರಕ್ಕೆ ಮಕ್ಕಳು ಕಲಿಯುವುದಿಲ್ಲ. ಇದು ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಟೀಚರ್ ಸಹಾಯ ಪೂರ್ತಿ ಬೇಕಾದ ಗುಂಪು, ಸ್ವಲ್ಪ ಸಾಕಾದ ಗುಂಪು, ಗೆಳೆಯರ ಜೊತೆ ಕಲಿಯುವ ಗುಂಪು, ತಾನೇ ಕಲಿಯುವ ಗುಂಪು ಎಂದೆಲ್ಲ ಕೂರಿಸುತ್ತಿದ್ದೆ. ಆದರೆ ಜೋರಾಗಿ "ಮಿಸ್" ಎಂದು ಕರೆದವರ ಹತ್ತಿರ ಮಾತ್ರ ಹೋಗುತ್ತಿದ್ದೆ. ಮೂಲೆಯಲ್ಲಿ ಒಬ್ಬ ಹುಡುಗ ಒಂದೇ ಕಾರ್ಡು ಹಿಡಿದು ಮೂರು ದಿನ ಸುಮ್ನೆ ಕೂತಿದ್ದ, ನನ್ನ ಗಮನಕ್ಕೇ ಬಂದಿರಲಿಲ್ಲ. ಅದು ಗೊತ್ತಾದ ದಿನ ಮನೆಗೆ ಹೋದ ಮೇಲೂ ನನಗೆ ಸಮಾಧಾನ ಇರಲಿಲ್ಲ.

ಅಂದಿನಿಂದ ಸಂಜೆ ಮಕ್ಕಳು ಹೋದ ಮೇಲೆ ಅರ್ಧ ಗಂಟೆ ಒಂದು ನೋಟ್‌ಬುಕ್ ಜೊತೆ ಕೂರುತ್ತೇನೆ. ಯಾರು ಎಲ್ಲಿ ನಿಂತಿದ್ದಾರೆ, ನಾಳೆ ನಾನು ಯಾರ ಪಕ್ಕ ಕೂರಬೇಕು, ಆ ಹೊತ್ತಿನಲ್ಲಿ ಉಳಿದವರ ಕೈಗೆ ಏನು ಕೊಡಬೇಕು. ಇಷ್ಟೇ ಬರೆಯುವುದು.

ಇನ್ನೊಂದು ಸಾಲೂ ಬರೆಯುತ್ತೇನೆ, ಮಕ್ಕಳು ಎಲ್ಲಿ ತಪ್ಪಬಹುದು ಎಂದು. 42ರಲ್ಲಿ 17 ಕಳೆಯಿರಿ ಎಂದರೆ ಹಲವು ಮಕ್ಕಳು 35 ಬರೆಯುತ್ತಾರೆ. 2ರಲ್ಲಿ 7 ಹೋಗುವುದಿಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದುಬಿಡುತ್ತಾರೆ. ಅದು ಅಜಾಗರೂಕತೆ ಅಲ್ಲ, ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ನಾವೇ ಹೇಳಿಕೊಟ್ಟದ್ದನ್ನು ಅವರು ಪಾಲಿಸುತ್ತಿದ್ದಾರೆ. ಇದು ಮೊದಲೇ ಗೊತ್ತಿದ್ದರೆ ಪಾಠವೇ ಬೇರೆ ಆಗುತ್ತದೆ. ತೆಂಗಿನ ಪೊರಕೆ ಕಡ್ಡಿಗಳನ್ನು ಹತ್ತು ಹತ್ತು ಕಟ್ಟು ಮಾಡಿ, ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ಇದರಲ್ಲಿ ಹದಿನೇಳು ನನಗೆ ಕೊಡಿ ಎಂದರೆ ಸಾಕು. ಸ್ವಲ್ಪ ಹೊತ್ತು ಕಡ್ಡಿಗಳನ್ನೇ ನೋಡುತ್ತಾರೆ. ಆಮೇಲೆ ಯಾರೋ ಒಬ್ಬರು ರಬ್ಬರ್ ಬ್ಯಾಂಡ್ ಬಿಚ್ಚುತ್ತಾರೆ. ಆ ಬಿಚ್ಚುವ ಕೆಲಸ ನಾನು ಮಾಡಿ ತೋರಿಸಬಾರದು, ಅದಕ್ಕಾಗಿ ಕಾಯಬೇಕು.

ನಾವು ಒಪ್ಪಿಸಬೇಕಾದ ಪಾಠ ಯೋಜನೆಯ ದಾಖಲೆಯೂ ಇದೆ. ಅದರ ಹಂತಗಳು ಕೆಟ್ಟವೇನಲ್ಲ. ಆದರೆ ಬಿಸಿಯೂಟದ ಲೆಕ್ಕ, ಆ್ಯಪ್‌ಗೆ ಮಾಹಿತಿ ತುಂಬುವುದು ಎಲ್ಲ ಸೇರಿ ಅದನ್ನು ಪಾಠ ಮುಗಿದ ಮೇಲೆ ಬರೆಯುವವರು ಎಷ್ಟೋ ಜನ. ಅವರನ್ನು ನಾನು ದೂರುವುದಿಲ್ಲ. ದಿನಕ್ಕೆ ಆ ಅರ್ಧ ಗಂಟೆಯನ್ನು ಯಾರೂ ಕಿತ್ತುಕೊಳ್ಳದಂತೆ ಶಿಕ್ಷಕರಿಗೆ ಬಿಟ್ಟುಕೊಡಬೇಕು ಎಂದು ಮಾತ್ರ ಕೇಳುತ್ತೇನೆ.

ನಾಳೆಯ ಪುಟ ಈಗಷ್ಟೇ ಬರೆದೆ. ಇಬ್ಬರು ದ ಮತ್ತು ಧ ನಡುವೆ ಸಿಕ್ಕಿಕೊಂಡಿದ್ದಾರೆ, ಮೊದಲು ಅವರ ಪಕ್ಕ. ಮೂರನೇ ತರಗತಿಯವರಿಗೆ ಕಡ್ಡಿ ಕಟ್ಟು. ರಬ್ಬರ್ ಬ್ಯಾಂಡ್ ಮುಗಿದಿವೆ, ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ತೆಗೆದುಕೊಳ್ಳಬೇಕು.