ಮೊಟ್ಟೆ ಕೇಳಿದ ವ್ಯಾಪಾರಿ

ಐಚ್ಛಿಕ ಇಂಗ್ಲಿಷ್ ಕ್ಲಾಸಿನಲ್ಲಿ ನಮ್ಮಲ್ಲಿ ಜಾಸ್ತಿ ಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಬರೆದ ಹಾಗೆ ಓದಿ ರೂಢಿಯಾದವರಿಗೆ ಇಂಗ್ಲಿಷ್ ಸ್ಪೆಲಿಂಗ್ ದೊಡ್ಡ ಕಾಟ. ಕುದುರೆ ಸವಾರ 'ನೈಟ್' (knight) ಮುಂದೆ ಕೆ ಯಾಕೆ? ನಡುವೆ ಜಿ, ಎಚ್ ಯಾಕೆ? 'ಅದು ಸೈಲೆಂಟ್' ಎಂದಷ್ಟೇ ಶಾಲೆಯಲ್ಲಿ ಕೇಳಿದ್ದೆವು. ಭಾಷಾ ಇತಿಹಾಸ ಕಲಿಸಿದ ನಮ್ಮ ಮೇಡಂ ಅಷ್ಟಕ್ಕೆ ಬಿಡಲಿಲ್ಲ. 14ನೇ ಶತಮಾನದ ಕವಿ ಚಾಸರ್ ಕಾಲದಲ್ಲಿ ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿದರು: 'ಕ್ನಿಖ್ಟ್'. ಖಕಾರ ಗಂಟಲಿನಿಂದ ಬರಬೇಕು. ಇಡೀ ಕ್ಲಾಸು ಒಟ್ಟಿಗೆ ಹೇಳಿತು. ಒಂದು ಅಕ್ಷರವೂ ಸುಮ್ನೆ ಬಂದದ್ದಲ್ಲ ಅಂತ ಅವತ್ತು ತಿಳಿಯಿತು.

5ನೇ ಶತಮಾನದಲ್ಲಿ ಬ್ರಿಟನ್ನಿಗೆ ಬಂದ ಆಂಗಲ್, ಸ್ಯಾಕ್ಸನ್ ಬುಡಕಟ್ಟಿನವರು, ಆಮೇಲೆ ಸ್ಕ್ಯಾಂಡಿನೇವಿಯಾದ ವೈಕಿಂಗರು, 1066ರಲ್ಲಿ ಫ್ರೆಂಚ್ ಆಡುತ್ತಾ ಬಂದ ನಾರ್ಮನ್ನರು. ಇವರೆಲ್ಲರ ಮಾತು ಇಂಗ್ಲಿಷಿನಲ್ಲಿ ಸೇರಿದ ಕತೆ ಪಠ್ಯದಲ್ಲೇ ಇತ್ತು. ನನಗೆ ಇಂದಿಗೂ ಇಷ್ಟವಾದದ್ದು ಕ್ಯಾಕ್ಸ್‌ಟನ್ ಬರೆದಿಟ್ಟ ಕತೆ. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ಹಾಕಿದವನು ಅವನೇ.

ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ವ್ಯಾಪಾರಿಗಳು ಗಾಳಿಯಿಲ್ಲದೆ ದಡಕ್ಕಿಳಿಯುತ್ತಾರೆ. ಒಬ್ಬ ಅಲ್ಲಿನ ಮನೆಯಾಕೆಯ ಹತ್ತಿರ 'ಎಗ್ಸ್' ಕೇಳುತ್ತಾನೆ. 'ನನಗೆ ಫ್ರೆಂಚ್ ಬರೋದಿಲ್ಲಪ್ಪ' ಅನ್ನುತ್ತಾಳೆ ಆಕೆ! ಅವನಿಗೆ ಸಿಟ್ಟು ಬರುತ್ತದೆ, ಅವನಿಗೂ ಫ್ರೆಂಚ್ ಬರುವುದಿಲ್ಲವಲ್ಲ. ಕೊನೆಗೆ ಇನ್ನೊಬ್ಬ 'ಎಯ್ರೆನ್' ಬೇಕು ಎಂದಾಗ ಆಕೆಗೆ ಅರ್ಥವಾಗುತ್ತದೆ. ಎಗ್ ವೈಕಿಂಗರ ಮಾತು, ಎಯ್ರೆನ್ ಹಳೆಯ ಇಂಗ್ಲಿಷಿನದು. ಯಾವುದನ್ನು ಅಚ್ಚು ಹಾಕಲಿ ಎಂದು ಕ್ಯಾಕ್ಸ್‌ಟನ್ 1490ರಲ್ಲಿ ತಲೆ ಕೆಡಿಸಿಕೊಂಡಿದ್ದ.

ಮುದ್ರಣ ಬಂದ ಮೇಲೆ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಯಿತು. ಅದೇ ಹೊತ್ತಿಗೆ ಬಾಯಿಮಾತಿನ ಸ್ವರಗಳು ಹೊರಳುತ್ತಿದ್ದವು. 'ಹೂಸ್' ಎನ್ನುತ್ತಿದ್ದದ್ದು 'ಹೌಸ್' ಆಯಿತು. 'ನೈಟ್' ಪದದ ಕೆ ಕೂಡ 1700ರ ಸುಮಾರಿಗೆ ಬಾಯಿಂದ ಬಿದ್ದುಹೋಯಿತು, ಪುಸ್ತಕದಲ್ಲಿ ಮಾತ್ರ ಉಳಿಯಿತು. ನಮ್ಮನ್ನು ಕಾಡಿದ ಸ್ಪೆಲಿಂಗಿನ ಗೋಳಿಗೆ ಮುಖ್ಯ ಕಾರಣ ಇದೇ.

ಆ ಸ್ವರಗಳು ಹೊರಳಿದ್ದಾದರೂ ಯಾಕೆ? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪ್ಲೇಗಿನ ನಂತರ ಲಂಡನ್ನಿಗೆ ವಲಸೆ ಬಂದವರ ಮಾತು ಬೆರೆತು ಹೀಗಾಯಿತು ಎನ್ನುವವರಿದ್ದಾರೆ. ಫ್ರೆಂಚಿನ ಪ್ರಭಾವ ಎನ್ನುವವರೂ ಇದ್ದಾರೆ. ಮೇಡಂ ಎರಡೂ ಕಡೆಯದನ್ನು ಹೇಳಿ, ನಮ್ಮನ್ನೇ ಯೋಚಿಸಲು ಬಿಟ್ಟರು. ನಾವು ಬಸ್ ಸ್ಟಾಪಿನವರೆಗೂ ವಾದ ಮಾಡಿಕೊಂಡು ಹೋಗುತ್ತಿದ್ದೆವು. ನಾನು ಆಗಲೂ ವಲಸೆಯ ಪಕ್ಷ, ಈಗಲೂ ಅದೇ.