ವಿಂಡೋಸ್ 11 ಹಾಕಿಸೋದೋ ಬೇಡವೋ? ಮೊದಲು ಸಿಸ್ಟಂನ ಹಿಂಬದಿ ನೋಡಿ

ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವವನು. ಆಡಿಟರ್ ಆಫೀಸು, ಪ್ರಿಂಟಿಂಗ್ ಪ್ರೆಸ್ಸು, ಎಪಿಎಂಸಿಯ ದಲಾಲಿ ಅಂಗಡಿ, ಇಂಥ ಕಡೆ ವರ್ಷದ ಕಾಂಟ್ರ್ಯಾಕ್ಟ್ ಮೇಲೆ ಸಿಸ್ಟಂ ನೋಡಿಕೊಳ್ಳುತ್ತೇನೆ. 2025ರ ದಸರಾ ಹೊತ್ತಿಗೆ ಎಲ್ಲರದ್ದೂ ಒಂದೇ ಫೋನು: "ಅಕ್ಟೋಬರ್ ಹದಿನಾಲ್ಕಕ್ಕೆ ವಿಂಡೋಸ್ 10 ಬಂದ್ ಆಗ್ತದಂತೆ. ನಮ್ಮ ಸಿಸ್ಟಂ ಗತಿ ಏನು?"

ಬಂದ್ ಆಗುವುದಿಲ್ಲ. ಹದಿನೈದನೇ ತಾರೀಖು ಬೆಳಿಗ್ಗೆ ಸ್ವಿಚ್ ಒತ್ತಿದರೆ ಎಂದಿನಂತೆ ಆನ್ ಆಗುತ್ತದೆ. ನಿಂತಿದ್ದು ತಿಂಗಳು ತಿಂಗಳು ಬರುತ್ತಿದ್ದ ಸೆಕ್ಯುರಿಟಿ ಪ್ಯಾಚ್, ಅಂದರೆ ಸುರಕ್ಷತೆಯ ಲೋಪ ಮುಚ್ಚುವ ರಿಪೇರಿ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರವರೆಗೆ ಬರುತ್ತದೆ, ಎಡ್ಜ್ ಬ್ರೌಸರ್ ಕೂಡ ಅಷ್ಟೇ ಕಾಲ ಅಪ್‌ಡೇಟ್ ಆಗುತ್ತದೆ. ಹಾಗಾದರೆ ತೊಂದರೆ ಏನು? ವಿಂಡೋಸ್ 10 ಮತ್ತು 11 ಹೆಚ್ಚುಕಮ್ಮಿ ಒಂದೇ ಪ್ಲಾನಿನಲ್ಲಿ ಕಟ್ಟಿದ ಎರಡು ಮನೆ. ಹೊಸ ಮನೆಯ ಯಾವ ಕಿಟಕಿ ಸಡಿಲ ಇತ್ತು, ಹೇಗೆ ರಿಪೇರಿ ಮಾಡಿದರು ಅಂತ ಪ್ರತಿ ತಿಂಗಳು ಊರಿಗೆಲ್ಲ ಗೊತ್ತಾಗುತ್ತದೆ. ಹಳೇ ಮನೆಯಲ್ಲಿ ಅದೇ ಕಿಟಕಿ ಹಾಗೇ ಇರುತ್ತದೆ. 2017ರ ಮೇ ತಿಂಗಳಲ್ಲಿ ಫೈಲು ಲಾಕ್ ಮಾಡಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಬಂದಾಗ ಅದರ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹೊಡೆತ ತಿಂದದ್ದು ಪ್ಯಾಚ್ ಹಾಕದ ಸಿಸ್ಟಂಗಳು.

ಹಾಗಂತ ಎಲ್ಲರೂ ಅಪ್‌ಗ್ರೇಡ್ ಮಾಡಿಸಿ ಅಂತ ನಾನು ಹೇಳಲಿಲ್ಲ. ನಮ್ಮ ಕಡೆ ಕೆಲವು ಅಂಗಡಿಯವರು ಹಳೇ ಸಿಸ್ಟಂ ಎಲ್ಲ ಸ್ಕ್ರ್ಯಾಪ್, ಹೊಸದು ತಗೊಳ್ಳಿ ಅಂತ ಶುರು ಹಚ್ಚಿದ್ದರು. ನಾನು ಹೋದ ಕಡೆಯೆಲ್ಲ ಪ್ರೊಸೆಸರ್ ಯಾವುದು ಅಂತ ಮೊದಲು ನೋಡುವುದಿಲ್ಲ. ಸಿಪಿಯು ತಿರುಗಿಸಿ ಹಿಂದೆ ಏನೇನು ಚುಚ್ಚಿದೆ ನೋಡುತ್ತೇನೆ. ಆಮೇಲೆ, ಇದರಲ್ಲಿ ದಿನಾ ಓಡುವ ಅತೀ ಹಳೇ ಪ್ರೋಗ್ರಾಂ ಯಾವುದು ಅಂತ ಕೇಳುತ್ತೇನೆ. ತೀರ್ಮಾನ ಆಗುವುದು ಅಲ್ಲೇ.

ಎಪಿಎಂಸಿಯ ಒಂದು ದಲಾಲಿ ಅಂಗಡಿ. ಮೆಕ್ಕೆಜೋಳದ ವ್ಯಾಪಾರ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಧೂಳು ಹಿಡಿದ ಸಿಪಿಯು, ಅದರ ಹಿಂದೆ ಅಗಲದ ಪ್ಯಾರಲಲ್ ಕೇಬಲ್, ಕೇಬಲ್ಲಿನ ತುದಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಕಾರ್ಬನ್ ಕಾಪಿ ಸಮೇತ ಅದರಲ್ಲೇ ಕರಕರ ಅಂತ ಬರಬೇಕು. ಚೀಲ, ತೂಕ, ಹಮಾಲಿ, ನಿವ್ವಳ ಎಲ್ಲ ಲೆಕ್ಕ ಹಾಕುವುದು ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಫಾಕ್ಸ್‌ಪ್ರೊ ಪ್ರೋಗ್ರಾಂ. ಬರೆದುಕೊಟ್ಟವರು ಊರಲ್ಲೇ ಇಲ್ಲ. ಗುಮಾಸ್ತರು ಮೌಸ್ ಮುಟ್ಟುವುದೇ ಇಲ್ಲ, ಎಫ್2, ಎಂಟರ್, ಎಂಟರ್, ಎಫ್10, ಪಟ್ಟಿ ಹೊರಗೆ. ಅವರ ಸ್ಪೀಡಿಗೆ ಯಾವ ಹೊಸ ಸಾಫ್ಟ್‌ವೇರೂ ಸಾಟಿ ಇಲ್ಲ, ಬೇಕಾದರೆ ಬಂದು ನೋಡಿ.

ಸಿಸ್ಟಂನಲ್ಲಿ ಇದ್ದದ್ದು 32-ಬಿಟ್ ವಿಂಡೋಸ್ 10. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ: ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ, ಇರುವುದು 64-ಬಿಟ್ ಮಾತ್ರ. 64-ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಡಾಸ್ ಇದ್ದಂತೆ ನಟಿಸುವ ಡಾಸ್‌ಬಾಕ್ಸ್ ಥರದ್ದರಲ್ಲಿ ಓಡಿಸಬಹುದು, ಆದರೆ ಸೀಸನ್ ನಡುವೆ ಪ್ರಿಂಟರ್ ಜೊತೆ ಗುದ್ದಾಡುವುದು ಯಾರಿಗೆ ಬೇಕು?

"ಏನಪ್ಪಾ, ಹೊಸದು ಹಾಕ್ತೀಯೋ ಹೇಗೆ?" ಅಂದರು ಯಜಮಾನರು.

"ಯಜಮಾನ್ರೇ, ಇದರಲ್ಲಿ ನೆಟ್ ಯಾಕೆ ಬೇಕು ನಿಮಗೆ?"

"ನನಗೆ ಬೇಡಪ್ಪ. ಹುಡುಗರು ಯೂಟ್ಯೂಬ್ ನೋಡ್ತಾರೆ."

ನೆಟ್ ಕೇಬಲ್ ಕಿತ್ತೆ. ವೈಫೈ ಡ್ರೈವರನ್ನೂ ಡಿಸೇಬಲ್ ಮಾಡಿದೆ. ಲೆಕ್ಕವೆಲ್ಲ ಇರುವ ಡಿಬಿಎಫ್ ಫೈಲುಗಳನ್ನು ದಿನಾ ಸಂಜೆ ಪೆನ್‌ಡ್ರೈವಿಗೆ ಕಾಪಿ ಮಾಡುವ ಸಣ್ಣ ಬ್ಯಾಚ್ ಫೈಲು ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟೆ. ಹಾರ್ಡ್‌ಡಿಸ್ಕ್ ಹಳೇದು, ಅದನ್ನು ಪೂರ್ತಿ ಕ್ಲೋನ್ ಮಾಡಿ ಎಸ್‌ಎಸ್‌ಡಿಗೆ ಹಾಕಿದೆ. ವಿಂಡೋಸ್ ಅದೇ. ಈ ಅಂಗಡಿಗೆ ಪ್ಯಾಚ್ ಇಲ್ಲದ್ದಕ್ಕಿಂತ ದೊಡ್ಡ ಅಪಾಯ ಇದ್ದದ್ದು ಕುಯ್ಯೋ ಅನ್ನುತ್ತಿದ್ದ ಆ ಹಾರ್ಡ್‌ಡಿಸ್ಕು.

ಆಡಿಟರ್ ಆಫೀಸಿನದು ಇದಕ್ಕೆ ಪೂರಾ ಉಲ್ಟಾ. ಕ್ಲೈಂಟುಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ದಿನವಿಡೀ ಇಮೇಲ್ ಅಟ್ಯಾಚ್‌ಮೆಂಟು. ಅಲ್ಲಿ ಅಪ್‌ಗ್ರೇಡ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇದ್ದದ್ದು ಯಾವಾಗ ಅನ್ನುವುದು. ಆ ವರ್ಷ ಟ್ಯಾಕ್ಸ್ ಆಡಿಟ್ ವರದಿಯ ಗಡುವು ಮೊದಲು ಅಕ್ಟೋಬರ್ 31ಕ್ಕೆ, ಆಮೇಲೆ ನವೆಂಬರ್ 10ಕ್ಕೆ ಹೋಯಿತು. ಅಕ್ಟೋಬರ್ 14 ಬಿದ್ದದ್ದು ಸರಿಯಾಗಿ ಅದರ ನಡುವೆ. ಮೈಕ್ರೋಸಾಫ್ಟ್‌ನ ಗಡುವಿಗೆ ಹೆದರಿ ಆಗ ಕೈ ಹಾಕಿ, ಡಿಎಸ್‌ಸಿ ಟೋಕನ್ ಡ್ರೈವರ್ ಕೈಕೊಟ್ಟಿದ್ದರೆ? ಸಾರ್ ನನ್ನನ್ನು ಬಾಗಿಲ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಜೂನಿಯರ್ ಒಬ್ಬರ ಸಿಸ್ಟಂ ಮಾತ್ರ ಮೊದಲು ಬದಲಿಸಿದೆವು. ಟ್ಯಾಲಿ, ಟೋಕನ್, ಸ್ಕ್ಯಾನರ್, ಎಲ್ಲ ಅದರಲ್ಲಿ ಓಡಿಸಿ ನೋಡಿದ್ದಾಯಿತು. ಮಿಕ್ಕವು ಡಿಸೆಂಬರ್‌ನಲ್ಲಿ, ಅದೂ 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಮುಗಿದ ಮೇಲೆ.

ಅಲ್ಲೇ ಒಂದು ತಮಾಷೆ ಕಂಡದ್ದು. ಸೀನಿಯರ್ ಸಾರ್ ಟೇಬಲ್ಲಿನ ಸಿಸ್ಟಂನಲ್ಲಿ ಇಂಟೆಲ್‌ನ ಏಳನೇ ಜನರೇಷನ್ ಪ್ರೊಸೆಸರ್ ಐ7-7700, ಈಗಲೂ ಕುದುರೆ ಥರ ಓಡುತ್ತದೆ. ವಿಂಡೋಸ್ 11 ಅದನ್ನು ಬೇಡ ಅನ್ನುತ್ತದೆ, ಏಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್‌ನಿಂದ ಮೇಲಕ್ಕೆ ಮಾತ್ರ ಅವಕಾಶ. ರಿಸೆಪ್ಷನ್‌ನಲ್ಲಿದ್ದ ಸೆಲೆರಾನ್ ಎನ್4020 ಲ್ಯಾಪ್‌ಟಾಪ್, ಒಂದು ಎಕ್ಸೆಲ್ ತೆರೆಯಲು ಒದ್ದಾಡುವಂಥದ್ದು, ಅದಕ್ಕೆ ಮಾತ್ರ ಸ್ವಾಗತ! ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದೆ ಅಂದ ಮಾತ್ರಕ್ಕೆ ಚೆನ್ನಾಗಿ ಓಡುತ್ತದೆ ಅಂತ ಅಲ್ಲ. ಕನಿಷ್ಠ 4 ಜಿಬಿ ರ‍್ಯಾಮ್ ಸಾಕು ಅಂತ ಬರೆದಿದ್ದಾರೆ. 8 ಜಿಬಿ ಇಲ್ಲದೆ ನಾನು ಯಾರಿಗೂ ಹಾಕಿಕೊಡುವುದಿಲ್ಲ, ಆಮೇಲೆ ಬೈಸಿಕೊಳ್ಳುವವನು ನಾನೇ ಅಲ್ವಾ.

ಈ ಚೆಕ್ ತಪ್ಪಿಸಿ ಹಾಕುವ ದಾರಿಗಳೂ ಇವೆ, ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ರೂಫಸ್‌ನಲ್ಲಿ ಟಿಕ್ ಮಾಡಿದರೆ ಸಾಕು. ನನ್ನ ಸ್ವಂತ ಸಿಸ್ಟಂನಲ್ಲಿ ಹಾಗೇ ಓಡಿಸುತ್ತೇನೆ. ಹಣಕಾಸಿನ ಆಫೀಸಿಗೆ ಕೊಡುವುದಿಲ್ಲ. ಅಂಥ ಸಿಸ್ಟಂಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಅವರು ಮಾತು ಕೊಡದ ಮೇಲೆ ನಾನು ಕೊಡಲಾ?

ಕೆಲವು ಸಿಸ್ಟಂಗಳಲ್ಲಿ ಟಿಪಿಎಂ, ಅಂದರೆ ವಿಂಡೋಸ್ 11 ಕೇಳುವ ಸೆಕ್ಯುರಿಟಿ ಭಾಗ, ಇಲ್ಲ ಅಂತ ತೋರಿಸುತ್ತದೆ. ಬಹಳ ಸಲ ಅದು ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್) ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹುಡುಕಿ. ಆದರೆ ಬಯೋಸ್‌ಗೆ ಹೋಗುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ, ಇದ್ದರೆ ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಪೇಪರ್ ಮೇಲೆ ಬರೆದುಕೊಳ್ಳಿ. ಲೆಗಸಿ ಅನ್ನುವ ಹಳೇ ಬೂಟ್ ಮೋಡ್‌ನಲ್ಲಿ ಹಾಕಿದ ವಿಂಡೋಸ್ ಇದ್ದರೆ, ಡಿಸ್ಕನ್ನು ಹೊಸ ಮೋಡ್‌ಗೆ ಸಜ್ಜು ಮಾಡುವ ಎಂಬಿಆರ್2ಜಿಪಿಟಿ ಓಡಿಸದೆ ಸುಮ್ನೆ ಹೊಸ ಮೋಡ್ ಯುಇಎಫ್ಐಗೆ ಬದಲಿಸಬೇಡಿ, ಬೂಟ್ ಆಗುವುದಿಲ್ಲ. ಅಪ್‌ಗ್ರೇಡ್ ಆದ ಮೇಲೆ ವಾಪಸ್ ಹೋಗಲು ಹತ್ತು ದಿನ ಅವಕಾಶ ಇರುತ್ತದೆ. ಅಷ್ಟರೊಳಗೆ ಆಫೀಸಿನ ಎಲ್ಲ ಕೆಲಸವನ್ನೂ ಒಂದೊಂದು ಸಲ ಮಾಡಿ ನೋಡಿಬಿಡಬೇಕು. ಡಿಸ್ಕ್ ಫುಲ್ ಆಯಿತು ಅಂತ ಯಾರೋ ಕ್ಲೀನಪ್ ಒತ್ತಿ ಹಳೇ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸಿದರೆ ಆ ದಾರಿಯೂ ಮುಚ್ಚಿತು.

ತಲೆ ಕೆಡಿಸಿದ್ದು ಪ್ರೆಸ್ಸು. ಲಗ್ನಪತ್ರಿಕೆ, ಕರಪತ್ರ, ಜಾತ್ರೆ ಬ್ಯಾನರ್ ಮಾಡುವವರು. ಅಲ್ಲಿನ ಡಿಟಿಪಿ ಅಣ್ಣ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7.0 ಬಿಟ್ಟು ಕದಲುವುದಿಲ್ಲ. ಅದು 2001ರದ್ದು, ಅದರ ಕೊನೆಯ ಆವೃತ್ತಿ. ಯುಎಸ್‌ಬಿಗೆ ಚುಚ್ಚಿದ ಒಂದು ಲಾಕ್ ಇದೆ, ಅದಿಲ್ಲದೆ ಕನ್ನಡ ಅಕ್ಷರದ ಸಾಫ್ಟ್‌ವೇರ್ ತೆರೆಯುವುದಿಲ್ಲ. ಹಳೇ ಫೈಲೆಲ್ಲ ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿವೆ. ಇನ್ನೊಂದು ಡಿಸ್ಕಿನಲ್ಲಿ ಹೊಸದಾಗಿ ವಿಂಡೋಸ್ 11 ಹಾಕಿ ನೋಡಿದೆ. ಮೆಮೊರಿ ಇಂಟೆಗ್ರಿಟಿ ಅನ್ನುವ ರಕ್ಷಣೆ ಆನ್ ಇದ್ದರೆ ಆ ಲಾಕಿನ ಹಳೇ ಡ್ರೈವರ್ ಒಳಗೇ ಬರುವುದಿಲ್ಲ. ಆಫ್ ಮಾಡಿದರೆ ಬರುತ್ತದೆ. ಸೆಕ್ಯುರಿಟಿಗೆಂದು ಅಪ್‌ಗ್ರೇಡ್ ಮಾಡಿ ಸೆಕ್ಯುರಿಟಿಯನ್ನೇ ಆಫ್ ಮಾಡುವುದು ಯಾವ ನ್ಯಾಯ?

"ಅಣ್ಣಾ, ಯೂನಿಕೋಡ್‌ನಲ್ಲಿ ಹೊಸ ಕೆಲಸ ಶುರು ಮಾಡಿ, ಹಳೇದು ಹಾಗೇ ಇರಲಿ" ಅಂದೆ.

"ಹೋದ ವರ್ಷದ ಪತ್ರಿಕೆ ತಂದು ಹೆಸರಷ್ಟೇ ಬದಲಿಸಿ ಕೊಡಿ ಅಂತಾರಪ್ಪ. ಅವರಿಗೆ ಏನು ಹೇಳಲಿ?"

ಮಾತು ನಿಜ. ಕೊನೆಗೆ ಎರಡು ಭಾಗ ಮಾಡಿದೆವು. ಗಿರಾಕಿಗಳ ವಾಟ್ಸಾಪ್, ಮೇಲ್, ಫೋಟೊ ಎಲ್ಲ ವಿಂಡೋಸ್ 11 ಇರುವ ಬೇರೆ ಸಿಸ್ಟಂಗೆ. ಪೇಜ್‌ಮೇಕರ್ ಮತ್ತು ಲಾಕ್ ಇರುವ ಹಳೇ ಸಿಸ್ಟಂಗೆ ನೆಟ್ ಇಲ್ಲ, ಪೆನ್‌ಡ್ರೈವ್ ಹೊಸದರಲ್ಲಿ ಸ್ಕ್ಯಾನ್ ಆಗಿಯೇ ಇದಕ್ಕೆ ಬರಬೇಕು. ಅಣ್ಣ ಮೊದಲ ವಾರ ಗೊಣಗಿದರು. ಈಗಲೂ ಅರ್ಜೆಂಟ್ ಇದ್ದರೆ ಸ್ಕ್ಯಾನ್ ಮಾಡದೆ ಚುಚ್ಚುತ್ತಾರೆ ಅಂತ ನನಗೆ ಗುಮಾನಿ.

ಮನೆಯಲ್ಲಿ ಹಳೇ ಸಿಸ್ಟಂ ಇಟ್ಟುಕೊಂಡವರಿಗೆ ಇನ್ನೊಂದು ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಪ್ಯಾಚ್ ದುಡ್ಡಿಲ್ಲದೆ ಸಿಗುತ್ತದೆ ಅಂತ ಅವರು ಹೇಳಿದ್ದರು. ಬ್ಯಾಕಪ್ ಬೇಡ ಅನ್ನುವವರಿಗೆ 30 ಡಾಲರ್, ಆದರೆ ಹೆಸರು ನೋಂದಾಯಿಸಲು ಅದಕ್ಕೂ ಮೈಕ್ರೋಸಾಫ್ಟ್ ಖಾತೆ ಬೇಕು. ಕಂಪನಿಗಳಿಗೆ ಒಂದು ಸಿಸ್ಟಂಗೆ ಮೊದಲ ವರ್ಷ 61 ಡಾಲರ್, ಮುಂದಿನ ವರ್ಷ ಅದರ ಎರಡರಷ್ಟು. ದಲಾಲಿ ಅಂಗಡಿ ಯಜಮಾನರಿಗೆ ಈ ರೇಟು ಹೇಳಿದಾಗ, "ಕೇಬಲ್ ಕಿತ್ತದ್ದಕ್ಕೆ ನೀನು ಎಷ್ಟು ತಗೊಂಡೆ?" ಅಂತ ಕೇಳಿ ನಕ್ಕರು. ಅವರಿಗೆ ಇನ್ನೂ ಬಿಲ್ ಕೊಟ್ಟಿಲ್ಲ.