ಎಳೆ ಬರದ ಪಾಕ

ನಮ್ಮ ಎಂ.ಎಸ್ಸಿ. ಪ್ರಾಜೆಕ್ಟು ಶುರುವಾದದ್ದು ಆಷಾಢದಲ್ಲಿ. ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗದ ಕರಾವಳಿಯ ಹವೆಯಲ್ಲಿ ಪಾಲಿಇಮೈಡ್ ಎಂಬ ಶಾಖ ತಾಳುವ ಪ್ಲಾಸ್ಟಿಕ್ ಮಾಡಲು ಹೊರಟ ನಮ್ಮ ಧೈರ್ಯವನ್ನು ಮೆಚ್ಚಬೇಕು. ಅದಕ್ಕೆ ಬೇಕಾದ ಎರಡು ಕಚ್ಚಾವಸ್ತುಗಳಲ್ಲಿ ಒಂದಾದ ಡೈಅನ್‌ಹೈಡ್ರೈಡ್‌ಗೆ ನೀರೆಂದರೆ ಆಗದು. ತೇವ ತಾಗಿದರೆ ಉಂಗುರ ಬಿಚ್ಚಿಕೊಂಡು ಆಮ್ಲವಾಗುತ್ತದೆ. ಆಮೇಲೆ ಇನ್ನೊಂದು ಕಚ್ಚಾವಸ್ತುವಾದ ಡೈಅಮೀನಿನೊಂದಿಗೆ ಕೂಡಿ ಸರಪಳಿ ಬೆಳೆಸುವುದಿಲ್ಲ.

ಬಾಟಲಿಯ ಮುಚ್ಚಳ ಸಡಿಲ ಬಿಟ್ಟವನು ನಾನೇ. ಇಡೀ ದಿನ ಕಲಕಿದರೂ ಫ್ಲಾಸ್ಕಿನಲ್ಲಿದ್ದುದು ನೀರಿನಷ್ಟೇ ತೆಳ್ಳಗೆ. ಸರ್ ಬಂದು ಗಾಜಿನ ಕಡ್ಡಿ ಅದ್ದಿ ಎತ್ತಿದರು. ತೊಟ್ಟಿಕ್ಕಿತು. "ಎಳೆ ಬರಲಿಲ್ಲವಲ್ಲಯ್ಯಾ. ನಿಮ್ಮಮ್ಮ ಇಂಥ ಪಾಕದಲ್ಲಿ ಉಂಡೆ ಕಟ್ಟುತ್ತಾರೆಯೇ?" ಎಂದರು.

ಪುಡಿಯನ್ನು ನಿರ್ವಾತದ ಓವನ್‌ನಲ್ಲಿ ಒಣಗಿಸಿ, ದ್ರಾವಕವನ್ನು ಮತ್ತೆ ಬಟ್ಟಿ ಇಳಿಸಿ, ಬಲೂನಿನಲ್ಲಿ ನೈಟ್ರೋಜನ್ ತುಂಬಿ ಇನ್ನೊಮ್ಮೆ ಕುಳಿತೆವು. ಮಧ್ಯಾಹ್ನದ ಹೊತ್ತಿಗೆ ಕಲಕುವ ಮಣಿ ತಿರುಗಲಾರದೆ ತಡವರಿಸಿತು. ಕಡ್ಡಿಯಿಂದ ಜೇನು ಬಣ್ಣದ ಎಳೆ ಮೊಳದುದ್ದ ಇಳಿಯಿತು.

ಆ ಎಳೆ ಪಾಲಿಅಮಿಕ್ ಆಮ್ಲ, ಪಾಲಿಇಮೈಡ್ ಆಗುವ ಮುಂಚಿನ ರೂಪ. ಅದನ್ನು ಹಂತಹಂತವಾಗಿ ಸುಮಾರು 300 ಡಿಗ್ರಿಗೆ ಕಾಯಿಸಿದರೆ ನೀರು ಬಿಟ್ಟು ಇಮೈಡ್ ಆಗುತ್ತದೆ. ಡುಪಾಂಟ್‌ನವರ ಕ್ಯಾಪ್ಟಾನ್ ಇದೇ ಜಾತಿ. ಉಪಗ್ರಹಗಳ ಮೈಮೇಲೆ ಬಂಗಾರದಂತೆ ಹೊಳೆಯುವುದು ಬಂಗಾರವಲ್ಲ, ಹಿಂಬದಿಗೆ ಅಲ್ಯೂಮಿನಿಯಂ ಲೇಪಿಸಿದ ಇಂಥ ಹಳದಿ ಹಾಳೆ. ಆದರೆ ಇಮೈಡ್ ಆದ ಮೇಲೆ ಅದು ದ್ರಾವಕದಲ್ಲಿ ಕರಗದು, ಕಾಯಿಸಿದರೂ ಕರಗಿ ಹರಿಯದು. ಆಮ್ಲವನ್ನೇ ಬಳಿದು ಆಮೇಲೆ ಕಾಯಿಸೋಣವೆಂದರೆ ಬಿಡುವ ನೀರು ಗುಳ್ಳೆಯೆಬ್ಬಿಸುತ್ತದೆ. ಶಾಖ ತಾಳುವ ವಸ್ತುವೇ ದ್ರಾವಕದಲ್ಲೂ ಕರಗಬೇಕು: ನಮ್ಮ ಪ್ರಾಜೆಕ್ಟಿನ ತಕರಾರು ಇಷ್ಟೇ.

ಸರ್ ಕಿಟಕಿಯಾಚೆ ಹಾಸ್ಟೆಲಿನ ಸೌದೆ ರಾಶಿ ತೋರಿಸಿದರು. ನೇರ ಸೌದೆ ಒಟ್ಟಿದರೆ ಸಂದಿಯೇ ಇರುವುದಿಲ್ಲ. ನಡುನಡುವೆ ಕವಲಿನ ಕೊಂಬೆ ಸೇರಿಸಿ ನೋಡಿ, ಮಳೆ ಒಳಗೆ ಇಳಿಯುತ್ತದೆ. ಒಂದೇ ಸರಪಳಿಯಲ್ಲಿ ಬೇರೆ ಬೇರೆ ಕೊಂಡಿ ಬೆರೆಸಿದ ಕೋಪಾಲಿಮರ್ ಎಂದರೆ ಅದು, ಸಂದಿಯಲ್ಲಿ ದ್ರಾವಕ ಇಳಿಯುತ್ತದೆ. ಬಾಗುವ ಕೊಂಡಿ ಹಾಕಿದರೂ ಕರಗುತ್ತದೆ, ಆದರೆ ಶಾಖಕ್ಕೆ ಬೇಗ ಮೆತ್ತಗಾಗುತ್ತದೆ. ನಮಗೆ ಬೇಕಾದದ್ದು ಬಾಗದ ಕವಲು. ಮಾಸ್ಕೋದಲ್ಲಿ ಕೊರ್ಶಾಕ್, ವಿನೊಗ್ರಾದೊವಾ ಅವರ ಗುಂಪು ಇಂಥವನ್ನು 'ಕಾರ್ಡೊ' ಪಾಲಿಮರ್ ಎಂದು ಕರೆದಿತ್ತು. ಲ್ಯಾಟಿನ್‌ನಲ್ಲಿ ಕಾರ್ಡೊ ಎಂದರೆ ಬಾಗಿಲಿನ ಕೀಲು. ಸರಪಳಿಯ ಪಕ್ಕಕ್ಕೆ ಫ್ಲೋರೀನ್ ಎಂಬ ದಪ್ಪ ಗುಂಪು ಚಾಚಿಕೊಂಡಿರುತ್ತದೆ. (ಹಲ್ಲಿನ ಪೇಸ್ಟಿನ ಫ್ಲೋರಿನ್ ಅಲ್ಲ, ವೈವಾದಲ್ಲಿ ನಾನೇ ಹಾಗೆ ಉತ್ತರಿಸಿ ನಗೆಪಾಟಲಾಗಿದ್ದೆ.)

ಆ ಗುಂಪಿರುವ ಡೈಅಮೀನನ್ನು ಕೊಳ್ಳುವ ಶಕ್ತಿ ವಿಭಾಗಕ್ಕಿರಲಿಲ್ಲ. ಫ್ಲೋರಿನೋನ್ ಮತ್ತು ಅನಿಲೀನ್ ಕುದಿಸಿ ನಾವೇ ಮಾಡಿಕೊಂಡೆವು. ಅನಿಲೀನಿನ ವಾಸನೆಗೆ ಮೆಸ್ಸಿನಲ್ಲಿ ನನ್ನ ಪಕ್ಕದ ಎಲೆ ಸದಾ ಖಾಲಿ.

ಹಳೆಯ ಡೈಅಮೀನಿನ ಅರ್ಧ ಪಾಲಿಗೆ ಇದನ್ನು ಹಾಕಿದಾಗ ಪಾಲಿಮರ್ ಊದಿಕೊಂಡಿತೇ ಹೊರತು ಕರಗಲಿಲ್ಲ. ಮುಕ್ಕಾಲಕ್ಕೆ ಏರಿಸಿ, ಕಾಯಿಸುವ ಬದಲು ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಪಿರಿಡಿನ್‌ನಿಂದ ಇಮೈಡ್ ಮಾಡಿ, ಮೆಥನಾಲ್‌ಗೆ ಸುರಿದೆವು. ತಿಳಿಹಳದಿ ನಾರು ಬಿತ್ತು. ಒಣಗಿಸಿ ಎನ್‌ಎಂಪಿ ಎಂಬ ಬಿಸಿ ದ್ರಾವಕಕ್ಕೆ ಹಾಕಿದೆ. ಅಂಚು ಮೊದಲು ಪಾರದರ್ಶಕವಾಯಿತು, ಆಮೇಲೆ ನಾರೇ ಕಾಣಲಿಲ್ಲ. ಸರ್ ಏನೂ ಹೇಳದೆ ಕಡ್ಡಿಗಾಗಿ ಕೈಚಾಚಿದರು.

ಈಗ ಬೆಂಗಳೂರಿನಲ್ಲಿ ಮೋಟಾರಿನ ತಾಮ್ರದ ತಂತಿಗೆ ಬಳಿಯುವ ವಾರ್ನಿಷ್ ನನ್ನ ಕೆಲಸ. ಹೊಸ ಬ್ಯಾಚು ಬಂದರೆ ಕಡ್ಡಿ ಎತ್ತಿ ಎಳೆ ನೋಡುತ್ತೇನೆ. ಮಂದತೆ ಅಳೆಯುವ ಮೀಟರು ಆಮೇಲೆ.